ಸೋಸುತೊಟ್ಟಿಯ ಇರುವೆ

ಜನವರಿ 9

ತಮ್ಮನಿಗೆ,

ನಾನು ಕ್ಷೇಮ. ನೀನೂ ಕ್ಷೇಮವೇ ಇರಬೇಕು. ನೀನು ಕೈಕಾಲು ಮುರಿದುಕೊಂಡಿದ್ದರೆ ಅದನ್ನಾದರೂ ಬರೆದು ತಿಳಿಸುತ್ತಿದ್ದೆ. ನವೆಂಬರಿನಲ್ಲಿ ನಾನು ಕಳಿಸಿದ ಇರುವೆಗಳ ಸೀಸೆಗೆ ಇವತ್ತಿನವರೆಗೂ ಒಂದು ಸಾಲಿನ ಉತ್ತರ ಇಲ್ಲ. ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ಕಿರುಚುತ್ತೇನೆ, ಪಕ್ಕದ ಕೋಣೆಯ ಗುಮಾಸ್ತರು ಕೆಲಸ ಬಿಟ್ಟು ಕಿವಿ ನಿಮಿರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಂದಿನಲ್ಲಿ ನಿನಗೆ ಆಮೇಲಪ್ಪ ಎಂದು ಹೆಸರಿಟ್ಟವಳು ನಾನೇ. ಸ್ನಾನ ಮಾಡು ಎಂದರೆ ಆಮೇಲೆ, ಪುಸ್ತಕ ಎತ್ತಿಡು ಎಂದರೆ ಆಮೇಲೆ. ಈಗ ದೊಡ್ಡ ಮ್ಯೂಸಿಯಂನ ಇರುವೆ ವಿಭಾಗಕ್ಕೆ ಯಜಮಾನನಾಗಿದ್ದೀಯ, ಆದರೂ ಹುಟ್ಟುಗುಣ ಬಿಟ್ಟಿಲ್ಲ.

ವಿಷಯ ಇನ್ನೊಮ್ಮೆ ಹೇಳುತ್ತೇನೆ, ಗಮನವಿಟ್ಟು ಓದು. ನಮ್ಮ ನೀರು ಸರಬರಾಜು ಕೇಂದ್ರದ ಹಿಂದೆ ಒಂದು ಹಳೆಯ ಸೋಸುತೊಟ್ಟಿ ಇದೆ. ಈಗ ಅದರಲ್ಲಿ ನೀರು ಸೋಸುವುದಿಲ್ಲ. ಒಳಗೆ ಮರಳು, ಸುತ್ತ ಎದೆಮಟ್ಟದ ಕಲ್ಲಿನ ಗೋಡೆ. ಆ ಗೋಡೆಯ ಸಂದುಗಳಲ್ಲಿ ನಿನಗೆ ಕಳಿಸಿದ ಇರುವೆ ಇದೆ. ಎಳ್ಳಿಗಿಂತ ಚಿಕ್ಕದು, ಮೈ ಜೇನಿನ ಬಣ್ಣ, ತಲೆ ಕಪ್ಪು. ಆ ತಲೆ ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗೆ ಚಪ್ಪಟೆ. ಸಾಲುಗಟ್ಟಿ ಹೋಗುವುದಿಲ್ಲ, ಒಂದೊಂದೂ ತನ್ನ ಪಾಡಿಗೆ ತಾನು ಓಡಾಡುತ್ತದೆ. ಇಷ್ಟು ವರ್ಷ ನೀರಿನ ಮಾದರಿ ತುಂಬಿಸಲು ಆ ಗೋಡೆಯ ಪಕ್ಕದಲ್ಲೇ ನಡೆದಿದ್ದೇನೆ. ಇಂಥದ್ದನ್ನು ಊರಿನ ಬೇರೆ ಯಾವ ಮೂಲೆಯಲ್ಲೂ ನೋಡಿಲ್ಲ.

ಆ ಜಾಗದಲ್ಲಿ ಕಾರು ನಿಲ್ಲಿಸುವ ಕಟ್ಟಡ ಬರುತ್ತದಂತೆ. ತಕರಾರು ಇದ್ದವರು ಜೂನ್ ತಿಂಗಳಲ್ಲಿ ಕಟ್ಟಡಗಳಿಗೆ ಅನುಮತಿ ಕೊಡುವ ಸಮಿತಿಯ ಮುಂದೆ ಹೇಳಬೇಕು. ನಾನು ಹೋಗಿ ಕೇಳಿದೆ. ಅಲ್ಲಿಯ ಗುಮಾಸ್ತೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದಳು, "ಮೇಡಂ, ಹೆಸರಿಲ್ಲದ ಪ್ರಾಣೀನ ಉಳಿಸೋಕೆ ನಮ್ಮ ನಿಯಮದಲ್ಲಿ ಜಾಗ ಇಲ್ಲ. ಎಲ್ಲಾದ್ರೂ ಅಚ್ಚಾಗಿರೋ ಹೆಸರು ತನ್ನಿ."

ಹೆಸರು ಕೊಡುವವನು ನನ್ನ ತಮ್ಮ. ಅದಕ್ಕೆ ಹೆಮ್ಮೆಪಡಲೋ ತಲೆ ಚಚ್ಚಿಕೊಳ್ಳಲೋ ತಿಳಿಯುತ್ತಿಲ್ಲ.

ಅಕ್ಕ

ಜನವರಿ 28

ಬೆಂಕಿಪೊಟ್ಟಣಕ್ಕೆ,

ಕಾಗದ ತಲುಪಿತು. ಕೈ ಸುಟ್ಟಿತು. ಸೀಸೆ ಬೀರುವಿನಲ್ಲಿ ಬೇರೆ ನೂರು ಸೀಸೆಗಳ ಹಿಂದೆ ಇತ್ತು, ನಿಜ. ನಿನ್ನ ಕಾಗದ ಓದಿದ ದಿನವೇ ತೆಗೆದೆ.

ಅಕ್ಕಾ, ಇದು ಹೊಸದು. ಮೊದಲ ಇರುವೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಇದರ ಬಂಧುಬಳಗದಲ್ಲಿ ಎಲ್ಲರ ಮೀಸೆಗೂ ಹನ್ನೆರಡು ಗೆಣ್ಣು, ಇದಕ್ಕೆ ಹತ್ತೇ. ಕಣ್ಣು ಸೂಜಿಮೊನೆ ಒತ್ತಿದ ಗುರುತಿನಷ್ಟು. ಮೈಮೇಲಿನ ಕೂದಲು ಚೂಪಾಗಿಲ್ಲ, ಒಂದೊಂದರ ತುದಿಯೂ ಪುಟ್ಟ ಚಮಚದ ಹಾಗೆ ಅಗಲ. ಸೊಂಟದಲ್ಲಿ ಎರಡು ಗಂಟು, ಹಿಂದಿನದು ಮುಂದಿನದಕ್ಕಿಂತ ಎತ್ತರ. ದವಡೆಯ ಒಳಅಂಚಿನಲ್ಲಿ ಹಲ್ಲುಗಳ ನಡುವೆ ಒಂದು ಖಾಲಿ ಜಾಗ, ಹಾಲುಹಲ್ಲು ಬಿದ್ದ ಮಗುವಿನಂತೆ. ಇಷ್ಟೂ ಒಟ್ಟಿಗೆ ಇರುವ ಇರುವೆಯನ್ನು ಇಲ್ಲಿಯವರೆಗೆ ಯಾರೂ ದಾಖಲಿಸಿಲ್ಲ.

ಆದರೆ ನೀನು ಕಳಿಸಿರುವುದೆಲ್ಲ ಕೆಲಸಗಾರ ಇರುವೆಗಳು. ಕೆಲಸಗಾರರನ್ನು ಮಾತ್ರ ನೋಡಿ ಹೊಸ ಜಾತಿ ಎಂದರೆ ವಿಜ್ಞಾನ ಪತ್ರಿಕೆಯ ಪರಿಶೀಲಕರು ಮುಖಕ್ಕೆ ಹೊಡೆದ ಹಾಗೆ ವಾಪಸು ಕಳಿಸುತ್ತಾರೆ. ನನಗೆ ರಾಣಿ ಬೇಕು. ಕೆಲಸಗಾರರಿಗಿಂತ ದಪ್ಪ ಇರುತ್ತಾಳೆ, ಬೆನ್ನು ಉಬ್ಬಿರುತ್ತದೆ, ರೆಕ್ಕೆಯೋ ರೆಕ್ಕೆ ಕಳಚಿದ ಗುರುತೋ ಇದ್ದೇ ಇರುತ್ತದೆ. ಗೋಡೆಯ ಒಂದೆರಡು ಕಲ್ಲು ಸರಿಸಿ ನೋಡು. ಬಿಳಿ ಮರಿಗಳು ಗುಡ್ಡೆಯಾಗಿರುವ ಕಡೆ ಅವಳು ಇರುತ್ತಾಳೆ. ಅಲ್ಲಿ ಸಿಕ್ಕಿದ್ದನ್ನೆಲ್ಲ ಸೀಸೆಗೆ ಹಾಕು, ಆರಿಸುತ್ತ ಕೂರಬೇಡ.

ಸಿಟ್ಟು ಕಡಿಮೆ ಮಾಡಿಕೋ. ರಕ್ತದೊತ್ತಡ ನಮ್ಮ ಮನೆತನದ ಆಸ್ತಿ.

ತಮ್ಮ

ಫೆಬ್ರವರಿ 20

ತಮ್ಮನಿಗೆ,

ನನ್ನ ರಕ್ತದೊತ್ತಡದ ಚಿಂತೆ ಬಿಡು. ನೀನು ಉತ್ತರ ಬರೆಯುವ ದಿನ ಅದು ತಾನಾಗಿ ಇಳಿಯುತ್ತದೆ.

ಕಲ್ಲು ಸರಿಸಲು ಹೋದಾಗ ನಮ್ಮ ಇಂಜಿನಿಯರು ಬಂದ. ಇಲಾಖೆಯ ಗೋಡೆಯನ್ನು ಇಲಾಖೆಯ ಕೆಮಿಸ್ಟೇ ಕೆಡವುತ್ತಿದ್ದಾಳೆ ಎಂದು ವರದಿ ಮಾಡುತ್ತೇನೆ ಎಂದ. ಜೂನ್ ಕಳೆದ ಮೇಲೆ ನೀವೇ ಬುಲ್ಡೋಜರ್ ತರುತ್ತೀರಲ್ಲ, ಎರಡು ಕಲ್ಲಿಗೆ ಯಾಕೆ ಎದೆ ಬಡಿದುಕೊಳ್ಳುತ್ತೀರಿ ಎಂದೆ. ಕಾಲು ಅಪ್ಪಳಿಸಿಕೊಂಡು ಹೋದ.

ಗೋಡೆಯ ಪೂರ್ವದ ಮೂಲೆಯಲ್ಲಿ, ಮೇಲಿನಿಂದ ಮೂರನೆಯ ವರಸೆಯ ಕಲ್ಲಿನ ಹಿಂದೆ, ಅಂಗೈ ಅಗಲದ ಪೊಳ್ಳು ಇತ್ತು. ಒಳಗೆ ಅಕ್ಕಿನುಚ್ಚು ಸುರಿದ ಹಾಗೆ ಮರಿಗಳು. ಬೆಳಕು ಬಿದ್ದದ್ದೇ ತಡ, ಒಂದೊಂದು ಇರುವೆಯೂ ಒಂದೊಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡತೊಡಗಿತು. ಬ್ರಷ್ ಹಿಡಿದಿದ್ದ ನನಗೆ ನಾಚಿಕೆಯಾಯಿತು, ಬಿಚ್ಚಿ ಹೇಳುತ್ತೇನೆ. ಆಮೇಲೆ ನಿನ್ನ ಮಾತು ನೆನೆದು, ಗುಡ್ಡೆಯ ಸುತ್ತ ಇದ್ದದ್ದನ್ನೆಲ್ಲ ಬಾಚಿ ಸೀಸೆಗೆ ಹಾಕಿದೆ.

ರೆಕ್ಕೆಯಿದ್ದದ್ದು ಒಂದೂ ಕಾಣಲಿಲ್ಲ. ಎಲ್ಲ ಒಂದೇ ಥರ. ನಿನಗೆ ಕಣ್ಣಿದೆ, ಯಂತ್ರವಿದೆ, ನೋಡು. ಈ ಸೀಸೆಯನ್ನು ಮಾತ್ರ ಬೀರುವಿನೊಳಗೆ ಇಡಬೇಡ.

ಅಕ್ಕ

ಮಾರ್ಚ್ 15

ಅಕ್ಕಾ,

ಎರಡನೆಯ ಸೀಸೆಯೂ ನೋಡಿದೆ. ರೆಕ್ಕೆಯಿಲ್ಲ, ಉಬ್ಬಿದ ಬೆನ್ನಿಲ್ಲ. ಎಲ್ಲವೂ ಕೆಲಸಗಾರರೇ. ರಾಣಿ ಇನ್ನೂ ಒಳಗೆ ಎಲ್ಲೋ ಇರಬೇಕು. ಇನ್ನೊಂದು ಸಲ ಪ್ರಯತ್ನಿಸು. ಚಿತ್ರಗಳು ಸಿದ್ಧವಾಗುತ್ತಿವೆ, ಅವಳೊಬ್ಬಳು ಸಿಕ್ಕರೆ ಪ್ರಬಂಧ ಮುಗಿದ ಹಾಗೆ.

ಅವಸರದಲ್ಲಿದ್ದೇನೆ. ಇಲ್ಲಿ ಒಂದು ಸಮ್ಮೇಳನ.

ತಮ್ಮ

ಏಪ್ರಿಲ್ 4

ತಮ್ಮನಿಗೆ,

ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಎನ್ನುತ್ತಾರಲ್ಲ, ನಮ್ಮ ಕಥೆ ಅದೇ ಆಯಿತು. ರಾಣಿ ಸಿಗದೆ ಹೆಸರಿಲ್ಲ, ಗೂಡು ಹಾಳು ಮಾಡದೆ ರಾಣಿ ಸಿಗುವುದಿಲ್ಲ. ಉಳಿಸಲು ಹೊರಟ ಮನೆಯನ್ನು ನಾನೇ ತಿಂಗಳಿಗೊಮ್ಮೆ ಅಗೆಯುತ್ತಿದ್ದೇನೆ.

ಮೂರನೆಯ ಸೀಸೆ ಇದರ ಜೊತೆಗಿದೆ. ಮನಸ್ಸಿಲ್ಲದ ಮನಸ್ಸಿನಿಂದ ಕಳಿಸುತ್ತಿದ್ದೇನೆ. ಪೊಳ್ಳಿನಲ್ಲಿ ಈ ಸಲ ಇರುವೆಗಳೇ ಕಡಿಮೆ. ಕಲ್ಲು ಸರಿಸಿದರೂ ಮೊದಲಿನಂತೆ ಓಡಲಿಲ್ಲ, ಸುಮ್ಮನೆ ಅಲ್ಲಲ್ಲೇ ತಿರುಗಾಡಿದವು. ಮರಿಗಳೂ ಅಷ್ಟಾಗಿ ಇಲ್ಲ. ಬೇಸಿಗೆ ಶುರುವಾಯಿತಲ್ಲ, ತಂಪು ಹುಡುಕಿ ಕೆಳಗಿಳಿದಿರಬೇಕು.

ಇದರ ಮೇಲೆ ಇನ್ನೊಂದು ಸೀಸೆ ಕೇಳಿದರೆ ನಾನೇ ರೈಲು ಹತ್ತಿ ಬಂದು ಅದನ್ನು ನಿನ್ನ ತಲೆಯ ಮೇಲೆ ಒಡೆಯುತ್ತೇನೆ. ಸಮ್ಮೇಳನದಲ್ಲಿ ಚೆನ್ನಾಗಿ ತಿಂದೆಯಾ?

ಅಕ್ಕ

ಏಪ್ರಿಲ್ 25

ಅಕ್ಕಾ,

ಇನ್ನು ಏನೂ ಕಳಿಸಬೇಡ. ಗೋಡೆಯ ಹತ್ತಿರ ಹೋಗಬೇಡ, ಒಂದು ಕಲ್ಲನ್ನೂ ಮುಟ್ಟಬೇಡ. ನನಗೆ ಬೇಕಾದದ್ದು ಇದೆ. ಪ್ರಬಂಧ ಮೇ ತಿಂಗಳ ಸಂಚಿಕೆಯಲ್ಲಿ ಬರುತ್ತದೆ, ಸಂಪಾದಕರ ಜೊತೆ ಮಾತಾಡಿ ಒಪ್ಪಿಸಿದ್ದೇನೆ. ಸಮಿತಿಗೆ ಮುಂಚೆ ನಿನ್ನ ಕೈಯಲ್ಲಿ ಇರುತ್ತದೆ.

ಒಂದು ಕೇಳಬೇಕು. ಗೋಡೆಯ ಮೇಲೆ ಓಡಾಡುವ ಇರುವೆಗಳ ಬಾಯಲ್ಲಿ ಈಗಲೂ ಬಿಳಿ ಮರಿಗಳು ಕಾಣುತ್ತವೆಯಾ? ದೂರದಿಂದಲೇ ನೋಡಿ ಬರೆ.

ಊಟ ನಿದ್ದೆ ಸರಿಯಾಗಿ ಮಾಡು. ನಿನ್ನ ಮೇಲೆ ನನಗೆ ಎಷ್ಟು ಗೌರವ ಇದೆ ಎಂದು ಯಾವತ್ತೂ ಹೇಳಿಲ್ಲ.

ತಮ್ಮ

ಮೇ 12

ತಮ್ಮನಿಗೆ,

ನಿನ್ನ ಗೌರವ ಕಂಡು ಭಯವಾಯಿತು. ಹುಟ್ಟಿದಾಗಿನಿಂದ ಇಲ್ಲದ್ದು ಈಗ ಯಾಕೆ ಬಂತು?

ಮುಟ್ಟಬೇಡ ಎಂದರೆ ಏನರ್ಥ? ಮೂರು ತಿಂಗಳು ಅಗೆ ಅಗೆ ಎಂದವನು, ಕೆಲಸ ಮುಗಿಯಿತು, ಇನ್ನು ನೀನು ಆಚೆ ನಿಲ್ಲು ಎನ್ನುತ್ತಿದ್ದೀಯ. ನೀವೆಲ್ಲ ಹೀಗೇ. ಬೇಕಾದಾಗ ಅಕ್ಕ, ಬೇಡವಾದಾಗ ಬೆಂಕಿಪೊಟ್ಟಣ.

ಕಾಣುತ್ತವೆಯಾ ಎಂದು ಕೇಳಿದ್ದೀಯ. ಇಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದೇನೆ. ಬೆಳಿಗ್ಗೆ ಕ್ಲೋರಿನ್ ಪರೀಕ್ಷೆ ಮುಗಿಸಿ ಹೋಗಿ ಕೂರುತ್ತೇನೆ. ಇರುವೆಗಳು ಬರುತ್ತವೆ, ಹೋಗುತ್ತವೆ, ಬಾಯಿ ಖಾಲಿ. ಯಾಕೆ ಕೇಳಿದೆ ಎಂದು ನೀನು ಹೇಳಿಲ್ಲ. ನಾನೂ ಕೇಳುವುದಿಲ್ಲ, ಕೇಳಿದರೆ ಆಮೇಲೆ ಎನ್ನುತ್ತೀಯ.

ಕಾಂಟ್ರಾಕ್ಟರ್ ಗೋಡೆಗೆ ಸುಣ್ಣದಿಂದ ಗುರುತು ಹಾಕಿಸಿದ್ದಾನೆ. ನನ್ನನ್ನು ನೋಡಿ ನಗುತ್ತ ಹೇಳಿದ, "ಏನಮ್ಮಾ, ಆನೆ ಹುಲಿ ಉಳಿಸೋರನ್ನ ನೋಡಿದೀನಿ, ಇರುವೆ ಉಳಿಸೋರನ್ನ ಇವತ್ತೇ ನೋಡಿದ್ದು." ಸಕ್ಕರೆ ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿಕೊಳ್ಳಿ ಎಂದು ಹೇಳಿ ಬಂದೆ. ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಸಿಟ್ಟಿಗೆ ಅತ್ತದ್ದು, ಬೇರೆ ಏನೂ ಅಲ್ಲ.

ಅಕ್ಕ

ಮೇ 31

ಪ್ರಬಂಧ ಬಂತು.

ಮೊದಲ ಪುಟ ನೋಡಿ ಸಂತೋಷದಿಂದ ಪಂಪ್ ಆಪರೇಟರನ್ನೂ ಕರೆದು ತೋರಿಸಿದೆ. ಆಮೇಲೆ ಒಳಗೆ ಓದಿದೆ. ನಿಮ್ಮ ಭಾಷೆ ಕಬ್ಬಿಣದ ಕಡಲೆ, ಆದರೆ ನಾನೂ ವಿಜ್ಞಾನ ಓದಿದವಳು.

"ರಾಣಿ: ರೆಕ್ಕೆ ಎಂದೂ ಇಲ್ಲ, ರೆಕ್ಕೆ ಕಳಚಿದ ಗುರುತೂ ಇಲ್ಲ. ಹೊರನೋಟಕ್ಕೆ ಕೆಲಸಗಾರ ಇರುವೆಯೇ. ನೆತ್ತಿಯ ಮೇಲೆ ಮೂರು ಮಸುಕು ಕಣ್ಣಚುಕ್ಕೆಗಳು, ಸೊಂಟದ ಹಿಂದಿನ ಗಂಟು ಅಗಲ, ಹೊಟ್ಟೆ ತುಸು ದೊಡ್ಡದು. ಪರೀಕ್ಷಿಸಿದ್ದು: ಒಂದು. ಸಂಗ್ರಹ: ಫೆಬ್ರವರಿ, ಮರಿಗಳ ಗುಡ್ಡೆಯಿಂದ."

ಫೆಬ್ರವರಿ. ಎರಡನೆಯ ಸೀಸೆ. ನಾನು ಬ್ರಷ್‌ನಿಂದ ಬಾಚಿದವರ ನಡುವೆ ಅವಳಿದ್ದಳು. ಮಾರ್ಚ್‌ನಲ್ಲಿ ನೀನು ಎಲ್ಲವೂ ಕೆಲಸಗಾರರೇ ಎಂದು ಬರೆದಾಗ ಅವಳು ನಿನ್ನ ಮೇಜಿನ ಮೇಲೆ ಸ್ಪಿರಿಟ್ಟಿನಲ್ಲಿ ತೇಲುತ್ತಿದ್ದಳು. ನೀನು ಅವಳನ್ನೇ ಹುಡುಕಲು ನನ್ನನ್ನು ಮತ್ತೆ ಗೋಡೆಗೆ ಕಳಿಸಿದೆ, ನಾನು ಅವಳ ಉಳಿದ ಮಕ್ಕಳನ್ನೂ ಬಾಚಿ ಕಳಿಸಿದೆ.

ಏಪ್ರಿಲ್‌ನಲ್ಲಿ ನಿನಗೆ ಗೊತ್ತಾಗಿತ್ತು. ಬಿಳಿ ಮರಿ ಕಾಣುತ್ತದೆಯಾ ಎಂದು ಕೇಳಿದ್ದು ಅದಕ್ಕೆ. ಗೊತ್ತಿದ್ದೂ ಊಟ ನಿದ್ದೆ ಮಾಡು ಎಂದು ಬರೆದೆ. ಈಗ ನನ್ನ ಕೈಯಲ್ಲಿ ಹೆಸರಿದೆ, ಗೋಡೆಯಲ್ಲಿ ಮೊಟ್ಟೆ ಇಡುವವಳಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದೀಯ.

ನನಗೆ ಸುಳ್ಳು ಹೇಳಿದೆ. ಬೇರೆ ಯಾರು ಹೇಳಿದ್ದರೂ ನುಂಗಿಕೊಳ್ಳುತ್ತಿದ್ದೆ.

ಜೂನ್ 6

ಅಕ್ಕಾ,

ಹೌದು. ಮಾರ್ಚ್‌ನಲ್ಲಿ ನಾನು ನಿಜವಾಗಿಯೂ ಅವಳನ್ನು ಗುರುತಿಸಲಿಲ್ಲ. ರೆಕ್ಕೆ ಹುಡುಕುತ್ತಿದ್ದೆ, ಅದಿಲ್ಲದ್ದನ್ನೆಲ್ಲ ಪಕ್ಕಕ್ಕೆ ತಳ್ಳಿದೆ. ಇರುವೆ ನೋಡುವ ಕಸುಬಿನವನು ಮಾಡಬಾರದ ತಪ್ಪು, ನಮ್ಮ ಕಸುಬಿನವರೇ ಮಾಡುವ ತಪ್ಪು. ಏಪ್ರಿಲ್‌ನಲ್ಲಿ ಚಿತ್ರ ಬರೆಯಲು ಒಂದೊಂದನ್ನೂ ಕಾಗದದ ತ್ರಿಕೋನಕ್ಕೆ ಅಂಟಿಸುವಾಗ ಒಂದರ ನೆತ್ತಿಯ ಮೇಲೆ ಚುಕ್ಕೆಗಳು ಕಂಡವು.

ನಿನಗೆ ಹೇಳಲಿಲ್ಲ, ಯಾಕೆಂದರೆ ಹೇಳಿದರೆ ನೀನು ಜೂನ್‌ವರೆಗೆ ಹೋರಾಡುತ್ತಿರಲಿಲ್ಲ. ಪತ್ರದಲ್ಲಿ ಮುಚ್ಚಿಡಬಹುದು ಎಂದುಕೊಂಡೆ. ಪ್ರಬಂಧದಲ್ಲಿ ತಾರೀಖು ಬದಲಿಸಲು ಕೈ ಬರಲಿಲ್ಲ. ನನ್ನ ಬದುಕಿನಲ್ಲಿ ನಾನು ಸುಳ್ಳು ಬರೆಯದ ಜಾಗ ಅದೊಂದೇ.

ಆದರೆ ನೀನೂ ಕೇಳು. ನಿನಗೆ ಹೆಸರು ಬೇಕಿತ್ತು, ಬೇಗ ಬೇಕಿತ್ತು, ಒಂದೊಂದು ಕಾಗದದಲ್ಲೂ ಬೆಂಕಿ ಹಚ್ಚುತ್ತಿದ್ದೆ. ಎಲ್ಲ ಪಾಪವನ್ನೂ ನನ್ನ ತಲೆಗೇ ಕಟ್ಟಬೇಡ.

ಮುಖ್ಯವಾದದ್ದು ಇದು. ರೆಕ್ಕೆಯಿಲ್ಲದ ರಾಣಿಯರು ಹಾರಿಹೋಗಿ ಹೊಸ ಗೂಡು ಕಟ್ಟುವುದಿಲ್ಲ, ಒಂದಿಷ್ಟು ಕೆಲಸಗಾರರ ಜೊತೆ ಪಕ್ಕಕ್ಕೆ ನಡೆದುಹೋಗುತ್ತಾರೆ. ಹಾಗಾಗಿ ಅದೇ ಗೋಡೆಯಲ್ಲಿ, ಕೆಳಗಿನ ವರಸೆಗಳಲ್ಲಿ, ಇನ್ನೊಂದು ಗೂಡು ಇರಬಹುದು. ಇರಬಹುದು ಎಂದಷ್ಟೇ ಹೇಳಬಲ್ಲೆ. ಸಮಿತಿಯ ಮುಂದೆ ಹೆಸರು ತೋರಿಸು, ರಾಣಿಯ ವಿಷಯ ಬಾಯಿ ಬಿಡಬೇಡ. ಗೋಡೆ ಉಳಿಯಲಿ. ಇದೊಂದು ಸಲ ನನ್ನ ಮಾತು ಕೇಳು.

ತಮ್ಮ

ಜೂನ್ 19

ತಮ್ಮನಿಗೆ,

ಮೊನ್ನೆ ಸಮಿತಿ ಕೂತಿತು. ಉದ್ದ ಮೇಜು, ಒಂದು ಕಾಲು ಕುಂಟುವ ಸ್ಟ್ಯಾಂಡ್ ಫ್ಯಾನು, ಎಲ್ಲರ ಮುಂದೆ ಮುಚ್ಚಿದ ನೀರಿನ ಲೋಟ. ಆ ನೀರನ್ನು ಬೆಳಿಗ್ಗೆ ನಾನೇ ಪರೀಕ್ಷೆ ಮಾಡಿದ್ದೆ. ಅಧ್ಯಕ್ಷೆ ವಯಸ್ಸಾದ ಹೆಂಗಸು, ಪ್ರಬಂಧವನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು. ಚಿತ್ರ ಚೆನ್ನಾಗಿದೆ ಎಂದರು. ಅವರ ಮನಸ್ಸು ನಮ್ಮ ಕಡೆ ಇತ್ತು, ನನಗೆ ಗೊತ್ತಾಯಿತು.

ಕಾಂಟ್ರಾಕ್ಟರನ ವಕೀಲನೂ ಓದಿಕೊಂಡು ಬಂದಿದ್ದ. ಒಂದೇ ಪ್ರಶ್ನೆ ಕೇಳಿದ.

"ಇದರಲ್ಲಿ ಒಂದೇ ರಾಣಿ ಅಂತ ಇದೆ. ಆ ರಾಣಿ ಈಗ ಮ್ಯೂಸಿಯಂನಲ್ಲಿದೆ ಅಂತಾನೂ ಇದೆ. ಹಾಗಾದ್ರೆ ಗೋಡೆಯಲ್ಲಿ ಉಳಿದಿರೋದು ಏನು?"

ಇಡೀ ಕೋಣೆ ನನ್ನ ಕಡೆ ತಿರುಗಿತು. ಇನ್ನೊಂದು ಗೂಡು ಇರಬಹುದು ಎಂಬ ನಿನ್ನ ಕಾಗದ ನನ್ನ ಚೀಲದಲ್ಲೇ ಇತ್ತು. ಅದನ್ನು ಹೇಳಿದ್ದರೆ ಸಾಕಿತ್ತೇನೋ. ಆದರೆ ಅಲ್ಲಿ ನಿಂತು ಯೋಚಿಸಿದೆ, ಇದೂ ಊಟ ನಿದ್ದೆ ಮಾಡು ಎಂಬಂಥ ಮಾತೇ ಇರಬೇಕು, ಅಕ್ಕನನ್ನು ಜೂನ್ ದಾಟಿಸಲು ಕಟ್ಟಿದ ಇನ್ನೊಂದು ಕಥೆ. ನಿನ್ನ ಬಾಯಿಂದ ಬಂದ ಯಾವುದನ್ನೂ ನನ್ನ ಬಾಯಿಂದ ಹೇಳಲು ಆಗಲಿಲ್ಲ.

"ಏನೂ ಉಳಿದಿಲ್ಲ," ಎಂದೆ. "ಈಗ ಓಡಾಡ್ತಿರೋವು ವರ್ಷದೊಳಗೆ ಸಾಯ್ತವೆ. ರಾಣೀನ ನಾನೇ ಹಿಡಿದು ಕಳಿಸ್ದೆ. ಹೆಸರಿಲ್ಲದೆ ಉಳಿಸಲ್ಲ ಅಂದ್ರಿ, ಹೆಸರು ತರೋಕೆ ಹೋಗಿ ಕೊಂದ್ವಿ."

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು. ಸತ್ತುಹೋಗುವ ಗೂಡಿಗಾಗಿ ಕಟ್ಟಡ ನಿಲ್ಲಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. ವಕೀಲ ಹೊರಗೆ ಬಂದು ನನಗೆ ಕೈಮುಗಿದ. ಹೊಡೆಯಬೇಕು ಅನ್ನಿಸಿತು.

ಮುಂದಿನ ತಿಂಗಳು ಗೋಡೆ ಬೀಳುತ್ತದೆ. ನಿಜ ಹೇಳಿದ್ದಕ್ಕೆ ಎದೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಆಗಿಲ್ಲ.

ಅಕ್ಕ

ಜುಲೈ 22

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಉತ್ತರ ಬರೆದು ಹರಿದೆ, ಎರಡು ಸಲ. ನಿನ್ನ ಜಾಗದಲ್ಲಿ ಇದ್ದಿದ್ದರೆ ನಾನೂ ನನ್ನನ್ನು ನಂಬುತ್ತಿರಲಿಲ್ಲ.

ಗೋಡೆ ಬಿದ್ದಿದೆ ಎಂದು ನಿಮ್ಮ ಇಂಜಿನಿಯರಿಂದ ತಿಳಿಯಿತು. ನೀನು ಬರೆಯಲಿಲ್ಲ. ಪತ್ರಿಕೆಯವರು ಒಂದು ಸಣ್ಣ ಟಿಪ್ಪಣಿ ಕೇಳಿದ್ದಾರೆ: ಗೊತ್ತಿದ್ದ ಒಂದೇ ನೆಲೆ ನಾಶವಾಗಿದೆ, ಈ ಜಾತಿ ಅಳಿದಿದೆ ಎಂದು. ಅದಕ್ಕೆ ಸಂಗ್ರಹಿಸಿದವಳ ಸಹಿಯೂ ಬೇಕು. ಕಾಗದ ಜೊತೆಗಿಟ್ಟಿದ್ದೇನೆ.

ಸಹಿ ಮಾಡುವ ಮುಂಚೆ ಒಂದು ಮಾತು. ಕಲ್ಲುರಾಶಿಯಲ್ಲಿ ಏನಾದರೂ ನೋಡಿದೆಯಾ? ಒಂದು ರಾಣಿ, ನಾಲ್ಕು ಕೆಲಸಗಾರರು ಸಿಕ್ಕರೂ ಜೀವಂತ ಕಳಿಸು. ಇಲ್ಲಿ ಹದವಾದ ಶಾಖದ ಕೋಣೆ ಇದೆ, ಗಾಜಿನ ಗೂಡು ಇದೆ, ಮೂವರು ಸಹಾಯಕರಿದ್ದಾರೆ. ನಾನೇ ನೋಡಿಕೊಳ್ಳುತ್ತೇನೆ. ಆಣೆ ಮಾಡಿ ಹೇಳುತ್ತೇನೆ, ಒಂದನ್ನೂ ಕೊಲ್ಲುವುದಿಲ್ಲ.

ತಮ್ಮ

ಆಗಸ್ಟ್ 8

ತಮ್ಮನಿಗೆ,

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗೋಡೆ ಕಟ್ಟಲು ಎಷ್ಟು ಜನ ಬೆವರು ಸುರಿಸಿದ್ದರೋ, ಒಂದು ಟೀ ಕುಡಿಯುವಷ್ಟರಲ್ಲಿ ಯಂತ್ರ ಮುಗಿಸಿತು. ನಾನು ರಜೆ ಹಾಕಿ ಅಲ್ಲೇ ನಿಂತಿದ್ದೆ. ಯಾಕೆ ನಿಂತೆ ಎಂದು ಕೇಳಬೇಡ. ಸತ್ತವರ ಮನೆಗೆ ಹೋಗುವುದಿಲ್ಲವೇ, ಹಾಗೆ.

ಕಟ್ಟಕಡೆಯ ವರಸೆ, ನೀರು ಬಿಡುವ ತೂಬಿನ ಪಕ್ಕದ ಕಲ್ಲು ಮಗುಚಿದಾಗ ಅಕ್ಕಿನುಚ್ಚು ಚೆಲ್ಲಿತು. ಅಷ್ಟು ಮರಿಗಳನ್ನು ನಾನು ಫೆಬ್ರವರಿಯಲ್ಲೂ ನೋಡಿರಲಿಲ್ಲ. ಯಂತ್ರದವನಿಗೆ ಕೈ ಅಡ್ಡ ಹಿಡಿದೆ. ಅವನು ಬೈದ, ಬೈಯುತ್ತಲೇ ನಿಲ್ಲಿಸಿದ. ಮಾದರಿ ನೀರಿನ ಟ್ರೇ ತಂದು ಮಣ್ಣಿನ ಸಮೇತ ಎತ್ತಿಕೊಂಡೆ. ಅರ್ಧ ಗೂಡು ಅಷ್ಟರಲ್ಲಿ ಚಕ್ರದ ಕೆಳಗೆ ಹೋಗಿತ್ತು. ಪ್ರಯೋಗಶಾಲೆಯಲ್ಲಿ ಮಸೂರದ ಕೆಳಗೆ ಒಂದೊಂದರ ನೆತ್ತಿ ನೋಡಿದೆ. ಮೂರು ಚುಕ್ಕೆ ಇರುವವಳು ಒಬ್ಬಳೇ ಅಲ್ಲ, ಹಲವರಿದ್ದರು.

ನೀನು ಹೇಳಿದ್ದು ನಿಜವಾಗಿತ್ತು. ಸಮಿತಿಯ ಮುಂದೆ ಅದನ್ನೇ ಹೇಳಿದ್ದರೆ ಗೋಡೆ ಇವತ್ತು ನಿಂತಿರುತ್ತಿತ್ತು. ನನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದರೆ ಕನ್ನಡಿ ನೋಡಲು ಮನಸ್ಸಾಗುವುದಿಲ್ಲ. ನೀನು ನಿಜ ಹೇಳಿದ ದಿನ ನಾನು ನಂಬಲಾರದಂತೆ ಮಾಡಿದ ನಿನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಎರಡೂ ಇಳಿಯುತ್ತವೆ ಎಂದು ನನಗೆ ಅನ್ನಿಸುವುದಿಲ್ಲ.

ನಿನಗೆ ಕಳಿಸುವುದಿಲ್ಲ. ನಿನ್ನ ಕೋಣೆ ಚೆನ್ನಾಗಿರಬಹುದು, ಸಹಾಯಕರು ದೇವರಂಥವರಿರಬಹುದು. ಇವತ್ತು ಕೊಲ್ಲುವುದಿಲ್ಲ ಎನ್ನುತ್ತೀಯ. ನಾಳೆ ಇನ್ನೊಬ್ಬ ವಿದ್ವಾಂಸ ಬಂದು ಗಂಡು ಇರುವೆಯನ್ನು ನೋಡಿಲ್ಲವಲ್ಲ, ಒಂದೇ ಒಂದು ಬೇಕು ಎನ್ನುತ್ತಾನೆ. ನೀನು ಆಗಲಿ ಎನ್ನುತ್ತೀಯ. ಅವು ಪ್ರಯೋಗಶಾಲೆಯಲ್ಲೂ ಇಲ್ಲ. ಇನ್ನೊಂದು ಕಲ್ಲಿನ ಗೋಡೆಗೆ ಬಿಟ್ಟು ಬಂದಿದ್ದೇನೆ, ನೆರಳಿದೆ, ತೇವವಿದೆ, ಆ ಗೋಡೆಯ ಮೇಲೆ ಯಾರಿಗೂ ಕಣ್ಣಿಲ್ಲ. ಎಲ್ಲಿ ಎಂದು ನಿನಗೆ ಹೇಳುವುದಿಲ್ಲ, ನಾನು ಸಾಯುವಾಗ ಕೇಳಿದರೂ ಹೇಳುವುದಿಲ್ಲ. ಮೊನ್ನೆ ಹೋಗಿ ನೋಡಿದೆ. ಬಾಯಲ್ಲಿ ಮರಿ ಕಚ್ಚಿಕೊಂಡು ಓಡಾಡುತ್ತಿದ್ದವು.

ಒಂದು ಸಲ ಎಲ್ಲರ ಮುಂದೆ ನಿಜ ಹೇಳಿದ್ದಕ್ಕೆ ಏನಾಯಿತು ಎಂದು ನೋಡಿದೆ. ಇನ್ನೊಂದು ಸಲ ಹೇಳುವ ಧೈರ್ಯ ನನಗಿಲ್ಲ. ಈ ಜಾತಿ ಅಳಿದಿದೆ ಎಂಬ ನಿನ್ನ ಕಾಗದಕ್ಕೆ ಸಹಿ ಹಾಕಿದ್ದೇನೆ, ಇದರ ಜೊತೆಗೇ ಇದೆ. ಸುಳ್ಳು ಬರೆಯದ ಜಾಗ ಅದೊಂದೇ ಎಂದು ನೀನು ಬರೆದಿದ್ದೆ. ಕೆಳಗೆ ನಿನ್ನ ಸಹಿಗೆ ಜಾಗ ಬಿಟ್ಟಿದ್ದೇನೆ.

ಅಕ್ಕ